ನಕ್ಷೆಯಲ್ಲಿ ‘ಬೆಂಡ್’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಶಾಮನೂರು, ಆವರಗೆರೆ, ನಿಟುವಳ್ಳಿ ಹೀಗೆ ದಾವಣಗೆರೆ ಊರು ಬೆಳೆಯುತ್ತಿರುವ ಕಡೆಯಲ್ಲೆಲ್ಲ ಮನೆ ಕೆಲಸ ಜೋರಾಗಿದೆ. ಇಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಕಂಬಿಯ ಚಿತ್ರದ ಪಕ್ಕ ಇಂಗ್ಲಿಷಿನಲ್ಲಿ ‘ಬೆಂಡ್’ ಎಂದು ಬರೆದಿರುತ್ತದೆ. ಆ ಒಂದು ಪದವನ್ನು ಸೈಟಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗೆ ಬಳಸುತ್ತಾರೆ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯ ಕೊಕ್ಕೆಯೂ ಬೆಂಡೇ, ಬೀಮಿನ ಕಂಬಿಯನ್ನು ಪಿಲ್ಲರಿನೊಳಗೆ ಎಲ್ ಆಕಾರದಲ್ಲಿ ಇಳಿಸುವುದೂ ಬೆಂಡೇ, ಮೋಲ್ಡಿನ (ತಾರಸಿಯ) ಕಂಬಿಯನ್ನು ಕ್ರ್ಯಾಂಕ್ ಮಾಡಿ, ಅಂದರೆ ಓರೆಯಾಗಿ ಮಡಚಿ, ಮೇಲೆತ್ತುವುದೂ ಬೆಂಡೇ. ಕೊನೆಗೆ ಬೀಮೇ ಭಾರಕ್ಕೆ ಬಾಗಿದರೆ ಅದೂ ಬೆಂಡಿಂಗ್. ಒಂದೊಂದಕ್ಕೂ ಕೋನ ಬೇರೆ, ಉದ್ದ ಬೇರೆ, ಕಾರಣ ಬೇರೆ. ನಕ್ಷೆ ಅದನ್ನು ಬಿಡಿಸಿ ಹೇಳದಿದ್ದಾಗ ಕಂಬಿ ಕಟ್ಟುವವರು ತಮಗೆ ರೂಢಿಯಲ್ಲಿರುವ ಹಾಗೆ, ಅಂದರೆ ಎಲ್ಲವನ್ನೂ 90 ಡಿಗ್ರಿಗೆ, ಮಡಚಿಬಿಡುತ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಮನೆ ಕಟ್ಟಿಸುವವರೂ ಮೇಸ್ತ್ರಿಗಳೂ ಓದುವ ಪತ್ರಿಕೆ ನಿಮ್ಮದಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪಿಲ್ಲರಿನ ರಿಂಗು. ಹೆಚ್ಚು ಹಾನಿ ಆಗುವುದು ಇಲ್ಲಿಯೇ. ರಿಂಗು ಇರುವುದು ಉದ್ದ ಕಂಬಿಗಳನ್ನು ಜಾಗದಲ್ಲಿ ನಿಲ್ಲಿಸುವುದಕ್ಕಷ್ಟೇ ಅಲ್ಲ. ಪಿಲ್ಲರಿನ ಮೇಲೆ ಭಾರ ಬಿದ್ದಾಗ ಉದ್ದ ಕಂಬಿ ಹೊರಕ್ಕೆ ಉಬ್ಬಲು ನೋಡುತ್ತದೆ, ಒಳಗಿನ ಕಾಂಕ್ರೀಟ್ ಅಡ್ಡಡ್ಡ ಹಿಗ್ಗಲು ನೋಡುತ್ತದೆ. ಎರಡನ್ನೂ ಹಿಡಿದಿಡುವುದು ರಿಂಗು. ಅದರ ಎರಡೂ ತುದಿ ಒಂದೇ ಮೂಲೆಯಲ್ಲಿ ಸೇರುತ್ತವೆ. ತುದಿಯನ್ನು 90 ಡಿಗ್ರಿಗೆ ಮಡಚಿದರೆ ಅದರ ಬಾಲ, ಅಂದರೆ ತಿರುವಿನಾಚೆಯ ನೇರ ತುಂಡು, ಪಿಲ್ಲರಿನ ಮೈಗುಂಟ, ಕವರ್ ಎನ್ನುವ ಹೊರಗಿನ ತೆಳು ಕಾಂಕ್ರೀಟ್ ಪದರದ ಪಕ್ಕದಲ್ಲೇ ಮಲಗಿರುತ್ತದೆ. ಆ ಕವರ್ ಒಡೆದು ಉದುರಿದ ದಿನ ಬಾಲಕ್ಕೆ ಹಿಡಿತವೇ ಇರುವುದಿಲ್ಲ. ರಿಂಗು ಬಾಯಿ ಬಿಡುತ್ತದೆ, ಕಂಬಿ ಹೊರಕ್ಕೆ ಬಾಗುತ್ತದೆ, ಪಿಲ್ಲರ್ ಕೂರುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕುಸಿದ ಕಟ್ಟಡಗಳನ್ನು ನೋಡಿದ ತಜ್ಞರು ಎತ್ತಿ ತೋರಿಸಿದ ದೋಷಗಳಲ್ಲಿ ಇದೂ ಒಂದು. 135 ಡಿಗ್ರಿಗೆ ಮಡಚಿದರೆ ಬಾಲ ಪಿಲ್ಲರಿನ ಒಡಲೊಳಗೆ ಹೊಕ್ಕಿರುತ್ತದೆ. ಹೊರಗಿನ ಕವರ್ ಹೋದರೂ ಒಳಗಿನ ಕಾಂಕ್ರೀಟ್ ಅದನ್ನು ಬಿಡುವುದಿಲ್ಲ.

ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ, ಐಎಸ್ 456 ಸಂಹಿತೆ ಮೂರು ಬಗೆಯ ಕೊಕ್ಕೆಗೂ ಅವಕಾಶ ಕೊಟ್ಟಿದೆ, ಆದರೆ ಬಾಲದ ಉದ್ದ ಬೇರೆ ಬೇರೆ: 90 ಡಿಗ್ರಿಗೆ ಕಂಬಿಯ ದಪ್ಪದ 8 ಪಟ್ಟು, 135 ಡಿಗ್ರಿಗೆ 6 ಪಟ್ಟು, 180 ಡಿಗ್ರಿಗೆ 4 ಪಟ್ಟು. 8 ಮಿ.ಮೀ. ರಿಂಗಿಗೆ ಇದು 64, 48 ಮತ್ತು 32 ಮಿ.ಮೀ. ಆಗುತ್ತದೆ. ಭೂಕಂಪಕ್ಕೆಂದೇ ಇರುವ ಐಎಸ್ 13920ರ 2016ರ ಆವೃತ್ತಿ 135 ಡಿಗ್ರಿಯನ್ನೇ ಕೇಳುತ್ತದೆ, ಬಾಲ 6 ಪಟ್ಟು ಇರಬೇಕು ಮತ್ತು 65 ಮಿ.ಮೀ.ಗೆ ಕಡಿಮೆ ಇರಬಾರದು ಎನ್ನುತ್ತದೆ. ಭೂಕಂಪ ವಲಯಗಳನ್ನು ಹೇಳುವ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ನಮ್ಮ ಭಾಗ 2ನೇ ವಲಯದಲ್ಲಿದೆ, ಅದರ ಪಟ್ಟಿಯಲ್ಲಿ ಪಕ್ಕದ ಚಿತ್ರದುರ್ಗದ ಹೆಸರು ಅಲ್ಲಿಯೇ ಇದೆ. ಹಾಗಾಗಿ 13920 ನಮಗೆ ಕಡ್ಡಾಯವಲ್ಲ, 90 ಸಾಕು ಎಂದು ವಾದಿಸುವವರಿದ್ದಾರೆ. ವಾದ ಸರಿಯೇ ಇರಬಹುದು. ಆದರೆ 90ಕ್ಕೆ ಬೇಕಾದ 64 ಮಿ.ಮೀ. ಬಾಲವನ್ನಾದರೂ ಬಿಡುತ್ತಾರೆಯೇ?

ಲೆಕ್ಕ ಹಾಕಿ ನೋಡಿ. 230ಕ್ಕೆ 300 ಮಿ.ಮೀ., ಅಂದರೆ 9 ಇಂಚಿಗೆ 12 ಇಂಚಿನ ಪಿಲ್ಲರ್. ಸುತ್ತ 40 ಮಿ.ಮೀ. ಕವರ್ ಬಿಟ್ಟರೆ ರಿಂಗಿನ ಹೊರ ಅಳತೆ 150ಕ್ಕೆ 220, ಸುತ್ತಳತೆ 740. ಮಡಚುವಾಗ ಕಂಬಿ ಸ್ವಲ್ಪ ಹಿಗ್ಗುವುದರಿಂದ ಸೈಟಿನ ರೂಢಿಯಂತೆ ಪ್ರತಿ 90 ಡಿಗ್ರಿಗೆ ಕಂಬಿಯ ದಪ್ಪದ 2 ಪಟ್ಟು, ಪ್ರತಿ 135 ಡಿಗ್ರಿಗೆ 3 ಪಟ್ಟು ಕಳೆಯುತ್ತಾರೆ. ಮೂರು ಮೂಲೆ 90, ಎರಡು ಕೊಕ್ಕೆ 135 ಆದರೆ ಕಳೆಯುವುದು 96 ಮಿ.ಮೀ. 65 ಮಿ.ಮೀ.ನ ಎರಡು ಬಾಲ ಸೇರಿಸಿದರೆ ಕತ್ತರಿಸುವ ಉದ್ದ 774. ಅದೇ ರಿಂಗನ್ನು ಐದೂ ಕಡೆ 90ಕ್ಕೆ ಮಡಚಿ, ಸಂಹಿತೆ ಕೇಳುವ 64 ಮಿ.ಮೀ. ಬಾಲ ಬಿಟ್ಟರೆ 788 ಬೇಕು. ಅಂದರೆ ನಿಯಮದಂತೆ ಮಾಡಿದ 90ರ ರಿಂಗಿಗಿಂತ 135ರ ರಿಂಗಿಗೇ ಕಂಬಿ ಕಡಿಮೆ ಸಾಕು. 135 ಮಾಡಿದರೆ ಕಬ್ಬಿಣ ಜಾಸ್ತಿ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಹಾಗಾದರೆ ಉಳಿತಾಯ ಎಲ್ಲಿ ಆಗುತ್ತಿದೆ? ಅಂಗಡಿಯ ಕಂಬಿ 12 ಮೀಟರ್ ಇರುತ್ತದೆ. 800 ಮಿ.ಮೀ.ಗೆ ಕತ್ತರಿಸಿದರೆ ಸರಿಯಾಗಿ 15 ತುಂಡು, ಒಂದು ಚೂರೂ ವ್ಯರ್ಥವಿಲ್ಲ, 135ರ ಕೊಕ್ಕೆಗೆ ಎರಡೂ ಕಡೆ 78 ಮಿ.ಮೀ. ಬಾಲ ಸಿಗುತ್ತದೆ. 750ಕ್ಕೆ ಕತ್ತರಿಸಿದರೆ 16 ತುಂಡು. ಆ ಹದಿನಾರನೆಯ ರಿಂಗಿಗಾಗಿ ಉಳಿದ ಹದಿನೈದರ ಬಾಲವೂ ಮೊಟಕಾಗುತ್ತದೆ. 750ರ ತುಂಡನ್ನು 90ಕ್ಕೆ ಮಡಚಿದರೆ ಬಾಲಕ್ಕೆ ಉಳಿಯುವುದು 45 ಮಿ.ಮೀ. ಬೇಕಾದದ್ದು 64. ಒಂದು ರಿಂಗಿನ ತೂಕ 300 ಗ್ರಾಂಗಿಂತ ತುಸು ಹೆಚ್ಚು. ಅಷ್ಟು ಕಬ್ಬಿಣ ಉಳಿಸಲು ಹೋಗಿ ಪಿಲ್ಲರಿನ ಬಲ ಕಳೆಯುವುದು ಯಾರಿಗೂ ಲಾಭವಲ್ಲ.

ಇದರಲ್ಲಿ ಕಂಬಿ ಕಟ್ಟುವವರದೇ ತಪ್ಪೆಂದು ಹೇಳಲಾಗದು. ಎರಡೂ ಕೊಕ್ಕೆಯನ್ನು ಮೊದಲೇ 135ಕ್ಕೆ ಮಡಚಿದ ರಿಂಗನ್ನು ಕಟ್ಟಿ ನಿಂತ ಕಂಬಿಗಳಿಗೆ ಪಕ್ಕದಿಂದ ಸಿಕ್ಕಿಸಲು ಬರುವುದಿಲ್ಲ. ಪಿಲ್ಲರಿಗಾದರೆ ಲೆಕ್ಕದಷ್ಟು ರಿಂಗನ್ನೂ ಮೊದಲೇ ಮೇಲಿನಿಂದ ಇಳಿಸಿ, ಕೆಳಗೆ ಪೇರಿಸಿಟ್ಟು, ಒಂದೊಂದಾಗಿ ಎತ್ತಿ ಕಟ್ಟಬೇಕು. ಬೀಮಿಗಾದರೆ ಒಂದು ಕೊಕ್ಕೆಯನ್ನು ಪೂರ್ತಿ 135ಕ್ಕೆ, ಇನ್ನೊಂದನ್ನು 90ಕ್ಕೆ ಬಿಟ್ಟು, ರಿಂಗು ಜಾಗಕ್ಕೆ ಕೂತ ಮೇಲೆ ಕಂಬಿ ಮಡಚುವ ಬೆಂಡಿಂಗ್ ಕೀಯಿಂದ ಎರಡನೆಯದನ್ನೂ ಒಳಕ್ಕೆ ಒತ್ತಬೇಕು. ಈ ಕೊನೆಯ ಕೆಲಸವೇ ಸಂಜೆಯ ಅವಸರದಲ್ಲಿ ಬಿಟ್ಟುಹೋಗುವುದು. ಕಂಬಿ ಮಡಚಿದ ಮೇಲೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ 135 ಬೇಕೆಂದರೆ ಕೀಯನ್ನು ಐದಾರು ಡಿಗ್ರಿ ಹೆಚ್ಚೇ ಎಳೆಯಬೇಕಾಗುತ್ತದೆ. ಕೊಕ್ಕೆಗಳೆಲ್ಲ ಒಂದೇ ಮೂಲೆಯಲ್ಲಿ ಸಾಲಾಗಿ ಬರಬಾರದು. ನಾಲ್ಕೂ ಮೂಲೆಗೆ ಸರದಿಯಂತೆ ತಿರುಗಿಸಿ ಕಟ್ಟಬೇಕು. ಇಲ್ಲವಾದರೆ ಆ ಒಂದು ಮೂಲೆ ಉದ್ದಕ್ಕೂ ದುರ್ಬಲವಾಗುತ್ತದೆ, ಜೊತೆಗೆ ಬಾಲಗಳೆಲ್ಲ ಒಂದೇ ಕಡೆ ತುಂಬಿ ವೈಬ್ರೇಟರ್ ನೀಡಲ್ ಇಳಿಯುವುದಿಲ್ಲ, ಜಲ್ಲಿ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ.

ಕೋನ ನೋಡಲು ಉಪಕರಣ ಬೇಡ. ಬಾಲ ಮೂಲೆಯಿಂದ ಹೊರಟು ಪಿಲ್ಲರಿನ ನಡುಮಧ್ಯದ ಕಡೆ ಮುಖ ಮಾಡಿದ್ದರೆ 135. ಪಿಲ್ಲರಿನ ಒಂದು ಮುಖಕ್ಕೆ ಸಮನಾಗಿ ಮಲಗಿದ್ದರೆ 90. ಮನೆಯ ಯಜಮಾನರು ಯಾರನ್ನೂ ಕೇಳದೆ ನೋಡಬಹುದಾದ ಗುರುತು ಇದು.

ಇನ್ನು ಮಡಚುವ ಗೂಟದ ವಿಷಯ. ಮರದ ದಿಮ್ಮಿಗೆ ಬಡಿದ ಕಬ್ಬಿಣದ ಗೂಟಗಳ ನಡುವೆ ಕಂಬಿ ಇಟ್ಟು ಕೀಯಿಂದ ಎಳೆಯುವುದು ನಮ್ಮಲ್ಲಿನ ಪದ್ಧತಿ. ಗೂಟ ತೆಳ್ಳಗಿದ್ದಷ್ಟೂ ತಿರುವು ಚೂಪಾಗುತ್ತದೆ, ಮಡಚುವ ಕೆಲಸ ಚೊಕ್ಕಟವಾಗಿ ಕಾಣುತ್ತದೆ. ಆದರೆ ತಿರುವಿನ ಹೊರಮೈ ಎಳೆಯಲ್ಪಡುತ್ತದೆ. ಕಂಬಿಯ ನಾಲ್ಕು ಪಟ್ಟು ದಪ್ಪದ ಗೂಟದ ಸುತ್ತ ಮಡಚಿದರೆ ಹೊರಮೈ ಹಿಗ್ಗುವುದು ಸುಮಾರು ಶೇ 20. ಕಂಬಿಯಷ್ಟೇ ದಪ್ಪದ ಗೂಟವಾದರೆ ಶೇ 50. ಕಂಬಿಯ ಗುಣಮಟ್ಟಕ್ಕಿರುವ ಐಎಸ್ 1786ರಲ್ಲಿ ಫೆ 500 (ಅಂಕಿ ಕಂಬಿಯ ಬಲದ ದರ್ಜೆ) ಕಂಬಿಯನ್ನು 20 ಮಿ.ಮೀ. ದಪ್ಪದವರೆಗೆ ನಾಲ್ಕು ಪಟ್ಟು ವ್ಯಾಸದ ಉರುಳೆಯ ಸುತ್ತ ಮಡಚಿ, ಹೊರಗೆ ಬಿರುಕು ಬರಬಾರದು ಎಂದು ಪರೀಕ್ಷಿಸುತ್ತಾರೆ. ಫೆ 500ಡಿ ಕಂಬಿಗೆ ಮೂರು ಪಟ್ಟು, ಫೆ 550ಕ್ಕೆ ಐದು ಪಟ್ಟು. ಕಾರ್ಖಾನೆ ಭರವಸೆ ಕೊಟ್ಟಿರುವುದು ಅಷ್ಟಕ್ಕೆ ಮಾತ್ರ. 12 ಮಿ.ಮೀ. ಫೆ 500 ಕಂಬಿಗೆ 48 ಮಿ.ಮೀ., 16ರ ಕಂಬಿಗೆ 64 ಮಿ.ಮೀ. ಸುತ್ತು ಬೇಕು. ಇದಕ್ಕೆ ಯಂತ್ರ ಕೊಳ್ಳಬೇಕಿಲ್ಲ, ಗೂಟಕ್ಕೆ ಆ ಅಳತೆಯ ದಪ್ಪ ಪೈಪಿನ ತುಂಡನ್ನು ತೊಡಿಸಿದರೆ ಆಯಿತು. ರಿಂಗಿನ ಮೂಲೆ ಉದ್ದ ಕಂಬಿಯನ್ನು ಅಪ್ಪಿ ಕೂರಬೇಕಾದ್ದರಿಂದ ಅಲ್ಲಿ ಗೂಟ ಸಣ್ಣದಾಗಲೇಬೇಕು. ಆ ಕಾರಣಕ್ಕೇ ರಿಂಗಿಗೆ ‘ಡಿ’ ಗುರುತಿನ ಕಂಬಿ ತರುವುದು ಒಳ್ಳೆಯದು. ಎಳೆದು ಮುರಿಯುವ ಪರೀಕ್ಷೆಯಲ್ಲಿ ಫೆ 500ರ ಕನಿಷ್ಠ ಹಿಗ್ಗುವಿಕೆ ಶೇ 12, 500ಡಿಯಲ್ಲಿ ಶೇ 16. 550 ಎಂಬ ಅಂಕಿ ದೊಡ್ಡದೆಂದು ಅದನ್ನೇ ಕೇಳಿ ತರುವವರು ಗಮನಿಸಬೇಕು: 550ರಲ್ಲಿ ಹಿಗ್ಗುವಿಕೆ ಶೇ 10 ಮಾತ್ರ. ಬಲ ಹೆಚ್ಚು, ಮಣಿಯುವ ಗುಣ ಕಡಿಮೆ.

ದಪ್ಪ ಕಂಬಿ ಮಣಿಯುವುದಿಲ್ಲವೆಂದು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಮಡಚುವುದನ್ನು ಪೂರ್ತಿ ನಿಲ್ಲಿಸಬೇಕು. ಟಿಎಂಟಿ ಕಂಬಿಯ ಬಲ ಅದರ ಹೊರಪದರದಲ್ಲಿದೆ. ಕಾದ ಕಂಬಿಗೆ ನೀರು ಹಾಯಿಸಿ ಹೊರಮೈಯನ್ನು ಗಟ್ಟಿ ಮಾಡಿರುತ್ತಾರೆ, ಒಳಭಾಗ ಮೆದುವಾಗಿರುತ್ತದೆ. ಕೆಂಪಗೆ ಕಾಯಿಸಿದ ಜಾಗದಲ್ಲಿ ಆ ಗಟ್ಟಿತನ ಹೋಗಿ, 500ಕ್ಕೆ ದುಡ್ಡು ಕೊಟ್ಟ ಕಂಬಿ ಅಲ್ಲಿ ಮಾತ್ರ ಸಾಮಾನ್ಯ ಕಬ್ಬಿಣವಾಗುತ್ತದೆ.

ಒಮ್ಮೆ ಮಡಚಿದ್ದನ್ನು ಬಿಚ್ಚಿ ನೆಟ್ಟಗೆ ಮಾಡುವುದು ಇನ್ನೊಂದು ಕೆಟ್ಟ ರೂಢಿ. ಸಣ್ಣ ರಸ್ತೆಯಲ್ಲಿ ಗಾಡಿ ತಿರುಗುವುದಿಲ್ಲವೆಂದು 12 ಮೀಟರ್ ಕಂಬಿಯನ್ನು ನಡುವೆ ಯು ಆಕಾರಕ್ಕೆ ಮಡಚಿ ತರುತ್ತಾರೆ, ಸೈಟಿನಲ್ಲಿ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ ಬೀಮಿಗೆ ಹಾಕುತ್ತಾರೆ. ಆ ಯು ಬಂದ ಜಾಗ ಬೀಮಿನ ನಡುಮಧ್ಯಕ್ಕೆ, ಅತಿ ಹೆಚ್ಚು ಎಳೆತ ಇರುವಲ್ಲಿಗೇ ಹೋಗಿ ಬೀಳುವುದು ಅಪರೂಪವಲ್ಲ. ಮಡಚಿ ಬಿಚ್ಚಿದ ಜಾಗದಲ್ಲಿ ಕಂಬಿಯ ಮಣಿಯುವ ಗುಣ ಬಹುಪಾಲು ಖರ್ಚಾಗಿರುತ್ತದೆ, ಕಂಬಿಯ ಮೈಮೇಲಿನ ಏಣುಗಳ ಬುಡದಲ್ಲಿ ಕೂದಲೆಳೆಯ ಬಿರುಕು ಇರಬಹುದು. ಅಂಗಡಿಯವರಿಗೆ ಕಂಬಿ ನೆಟ್ಟಗೇ ಬೇಕೆಂದು ಹೇಳಿ. ಅದು ಆಗದಿದ್ದರೆ ಅಲ್ಲಿಯೇ ಬೇಕಾದ ಉದ್ದಕ್ಕೆ ಕತ್ತರಿಸಿ ತನ್ನಿ. ಮಡಚಿದ್ದು ಬಂದೇಬಿಟ್ಟರೆ ಆ ತಿರುವಿನ ಒಂದಡಿಯನ್ನು ಕತ್ತರಿಸಿ ತೆಗೆಯಿರಿ.

ಮುಂದೆ ಮಹಡಿ ಕಟ್ಟಲೆಂದು ತಾರಸಿಯ ಮೇಲೆ ಬಿಟ್ಟ ಪಿಲ್ಲರ್ ಕಂಬಿಗಳಿಗೂ ಇದೇ ಮಾತು. ಓಡಾಡಲು ಅಡ್ಡ ಎಂದು ಅವನ್ನು ನೆಲಕ್ಕೆ ಬಗ್ಗಿಸುತ್ತಾರೆ, ವರ್ಷಗಳ ಮೇಲೆ ತುಕ್ಕು ಹಿಡಿದದ್ದನ್ನು ಮತ್ತೆ ಎತ್ತುತ್ತಾರೆ. ಬುಡದಲ್ಲೇ ಮುರಿಯುವುದುಂಟು. ನೆಟ್ಟಗೇ ಬಿಡಿ. 12 ಮಿ.ಮೀ. ಕಂಬಿಯಾದರೆ ಜೋಡಣೆಗೆ ಎರಡೂಕಾಲು ಅಡಿ ಉದ್ದ ಬಿಡಿ, ಸಿಮೆಂಟ್ ಗಂಜಿ ಬಳಿದು ಬಡ (ಸಿಮೆಂಟ್ ಕಡಿಮೆಯ) ಕಾಂಕ್ರೀಟಿನಲ್ಲಿ ಮುಚ್ಚಿಡಿ. ಬೇಕಾದಾಗ ಅದನ್ನು ಒಡೆದು ತೆಗೆಯುವುದು ಸುಲಭ.

ಬೀಮಿನ ಕಂಬಿಯನ್ನು ಪಿಲ್ಲರಿನೊಳಗೆ ಇಳಿಸುವ ಎಲ್ ವಿಷಯಕ್ಕೆ ಬರುತ್ತೇನೆ. ನಕ್ಷೆಯಲ್ಲಿ ಎಲ್ ಎಂದು ಗೀಚಿರುತ್ತಾರೆ, ಕಾಲಿನ ಉದ್ದ ಬರೆದಿರುವುದಿಲ್ಲ, ಸೈಟಿನಲ್ಲಿ ಆರು ಇಂಚು ಬಗ್ಗಿಸಿ ಮುಗಿಸುತ್ತಾರೆ. ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ಫೆ 500 ಕಂಬಿ ಪೂರ್ತಿ ಬಲ ಹಿಡಿಯಬೇಕಾದರೆ ತನ್ನ ದಪ್ಪದ 57 ಪಟ್ಟು ಉದ್ದ ಹುದುಗಿರಬೇಕು, ಎಂ25ರಲ್ಲಿ 49 ಪಟ್ಟು. 12 ಮಿ.ಮೀ. ಕಂಬಿಗೆ ಎಂ20ರಲ್ಲಿ 684 ಮಿ.ಮೀ. ಆಯಿತು. 12 ಇಂಚಿನ ಪಿಲ್ಲರಿನಲ್ಲಿ ಅಡ್ಡಕ್ಕೆ ಸಿಗುವುದು ಸುಮಾರು 230. ಉಳಿದ ಒಂದೂವರೆ ಅಡಿ ಕಾಲಿನಲ್ಲಿ ಬರಬೇಕು. ಇಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ಪಿಲ್ಲರನ್ನು ಬೀಮಿನ ತಳದವರೆಗೆ ಮೊದಲೇ ತುಂಬಿಬಿಡುತ್ತಾರೆ. 15 ಇಂಚಿನ ಬೀಮಿನಲ್ಲಿ ಮೇಲಿನ ಕಂಬಿಯ ಕಾಲಿಗೆ ಸಿಗುವ ಜಾಗ 340 ಮಿ.ಮೀ. ಆಸುಪಾಸು, ಗಟ್ಟಿಯಾದ ಕಾಂಕ್ರೀಟಿನೊಳಕ್ಕೆ ಅದನ್ನು ಇಳಿಸಲಾಗದು. ಹೀಗೆ ಒಟ್ಟು 570 ಸಿಗುತ್ತದೆ, 684ಕ್ಕೆ ಕೊರತೆ. ಪರಿಹಾರವನ್ನು ಪಿಲ್ಲರ್ ತುಂಬುವ ಮೊದಲೇ ಯೋಚಿಸಬೇಕು: ಆ ಪಿಲ್ಲರನ್ನು ಐದು ಇಂಚು ಕೆಳಗೇ ನಿಲ್ಲಿಸಿ ಉಳಿದದ್ದನ್ನು ಬೀಮಿನ ಜೊತೆ ತುಂಬುವುದು, ಇಲ್ಲವೇ ಇಂಜಿನಿಯರ್ ಲೆಕ್ಕ ಮಾಡಿ 12ರ ಬದಲು ಸಂಖ್ಯೆ ಹೆಚ್ಚಿಸಿ 10 ಮಿ.ಮೀ. ಕಂಬಿ ಕೊಡುವುದು. 10ಕ್ಕೆ ಬೇಕಾದದ್ದು ಸರಿಯಾಗಿ 570. ಮೇಲಿನ ಕಂಬಿ ಕೆಳಕ್ಕೆ, ಕೆಳಗಿನ ಕಂಬಿ ಮೇಲಕ್ಕೆ ಬಾಗಬೇಕು ಎಂಬುದೂ ನಕ್ಷೆಯಲ್ಲಿ ಕಾಣಬೇಕು.

ಮೋಲ್ಡಿನ ಕ್ರ್ಯಾಂಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಈಗ ಅನೇಕರು ಅದನ್ನು ಬಿಟ್ಟು ಮೇಲ್ಭಾಗಕ್ಕೆ ಬೇರೆ ಕಂಬಿಯನ್ನೇ ಹಾಕುತ್ತಾರೆ. ಮಾಡುವವರು 5 ಇಂಚಿನ ಮೋಲ್ಡಿಗೆ ಕ್ರ್ಯಾಂಕಿನ ಎತ್ತರ ಹೊರಗಿನಿಂದ ಹೊರಗೆ 85 ಮಿ.ಮೀ. ಮೀರದಂತೆ ನೋಡಿಕೊಳ್ಳಬೇಕು. 100 ಮಾಡಿದರೆ ಮೇಲೆ ಕೆಳಗೆ ತಲಾ 12 ಮಿ.ಮೀ. ಕವರ್ ಮಾತ್ರ ಉಳಿದು ಮುಂದೆ ತುಕ್ಕು ಹೊರಗೆ ಕಾಣುತ್ತದೆ.

ನಾಲ್ಕನೆಯದು ಬೀಮೇ ಬಾಗುವ ಬೆಂಡಿಂಗ್. ಬಾಗಿದಾಗ ಯಾವ ಮೈ ಹಿಗ್ಗುತ್ತದೆಯೋ ಆ ಮೈಯಲ್ಲಿ ಕಂಬಿ ಇರಬೇಕು, ವಿಷಯ ಇಷ್ಟೇ. ಎರಡು ಗೋಡೆಯ ನಡುವಿನ ಬೀಮು ಕೆಳಕ್ಕೆ ಜೋತು ತಳ ಹಿಗ್ಗುತ್ತದೆ. ಸಜ್ಜಾ, ಬಾಲ್ಕನಿ ಹೊರಕ್ಕೆ ಚಾಚಿರುವುದರಿಂದ ಅವುಗಳ ಮೇಲ್ಮೈ ಹಿಗ್ಗುತ್ತದೆ. 4 ಇಂಚಿನ ಸಜ್ಜಾದಲ್ಲಿ ಮೇಲೆ 20 ಮಿ.ಮೀ. ಕವರ್ ಬಿಟ್ಟು ಕಟ್ಟಿದ 8 ಮಿ.ಮೀ. ಕಂಬಿಗೆ ತಳದಿಂದ 76 ಮಿ.ಮೀ. ಆಳ ಸಿಗುತ್ತದೆ. ಕಾಂಕ್ರೀಟ್ ಹಾಕುವವರು ಅದರ ಮೇಲೆ ಕಾಲಿಟ್ಟು ಕಂಬಿ ಒಂದೇ ಒಂದು ಇಂಚು ಕುಸಿದರೆ ಆಳ 51ಕ್ಕೆ ಇಳಿಯುತ್ತದೆ, ಸಜ್ಜಾದ ಬಲದಲ್ಲಿ ಮೂರರಲ್ಲೊಂದು ಪಾಲು ಹೋಗುತ್ತದೆ. ಕಂಬಿಯ ಕೆಳಗೆ ಮೊಳಕ್ಕೊಂದರಂತೆ ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಆಸರೆ) ಇಡುವುದು, ನಡೆಯಲು ಹಲಗೆ ಹಾಕುವುದು, ಕಂಬಿಯನ್ನು ಗೋಡೆಯ ಮುಖದಿಂದ ಒಳಕ್ಕೆ 456 ಮಿ.ಮೀ. (ಮೇಲೆ ಹೇಳಿದ 57 ಪಟ್ಟು) ಹುದುಗಿಸುವುದು ಇವು ಮೂರನ್ನೂ ಬಿಡಬಾರದು. ಸೆಂಟ್ರಿಂಗ್ ಬಿಚ್ಚಿದಾಗ ಸಜ್ಜಾ ಬೀಳುವುದಕ್ಕೆ ಸಿಮೆಂಟನ್ನು ದೂರುತ್ತಾರೆ. ಅನೇಕ ಸಲ ಕಾರಣ ಜಾಗ ತಪ್ಪಿದ ಈ ಕಂಬಿಯೇ.

ದಾವಣಗೆರೆ ಸುತ್ತ ಎರೆ ಮಣ್ಣಿನಲ್ಲಿ ಮನೆ ಕಟ್ಟುವವರು ತಳಪಾಯದ ಮೇಲೆ ಬರುವ ಪ್ಲಿಂತ್ ಬೀಮಿನ ಬಗ್ಗೆ ಇನ್ನೊಂದು ಮಾತು ನೆನಪಿಡಬೇಕು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಬೀಮು ಬೇಸಿಗೆಯಲ್ಲಿ ಕೆಳಕ್ಕೆ, ಮಳೆಗಾಲದಲ್ಲಿ ಮೇಲಕ್ಕೆ ಬಾಗಬಹುದು. ಹಾಗಾಗಿ ಮೇಲಿನ ಎರಡು ಕಂಬಿ ರಿಂಗು ನೇತುಹಾಕಲು ಮಾತ್ರ ಎಂದು ತೆಳ್ಳನೆಯದು ಹಾಕಬಾರದು, ಕೆಳಗಿನಷ್ಟೇ ಮೇಲೆಯೂ ಕೊಡಬೇಕು. ಚಿತ್ರದುರ್ಗದ ಕಲ್ಲುನೆಲದಲ್ಲಿ ಮಾಡಿದ ನಕ್ಷೆಯನ್ನು ಇಲ್ಲಿನ ಎರೆ ಭೂಮಿಗೆ ಹಾಗೆಯೇ ತಂದು ಬಳಸಿದರೆ ಒಂದೆರಡು ಮಳೆಗಾಲದಲ್ಲಿ ಗೋಡೆ ಓರೆಯಾಗಿ ಸೀಳುವುದು ಇದರಿಂದಲೇ.

ಆದ್ದರಿಂದ ನಗರದ ಇಂಜಿನಿಯರುಗಳಲ್ಲಿ ನನ್ನ ವಿನಂತಿ ಇದು. ನಕ್ಷೆಯಲ್ಲಿ ಬೆಂಡ್ ಎಂದು ಬರೆದಲ್ಲೆಲ್ಲ ಎಷ್ಟು ಡಿಗ್ರಿ, ಬಾಲ ಎಷ್ಟು ಮಿ.ಮೀ., ಯಾವ ಕಡೆಗೆ ಎಂಬುದನ್ನು ಕನ್ನಡದಲ್ಲಿ ಬರೆಯಿರಿ. ಕಂಬಿ ಕಟ್ಟುವವರು ಓದಬಲ್ಲವರು, ಅಳತೆ ಬಲ್ಲವರು. ಅವರಿಗೆ ಗೊತ್ತಾಗದಿರುವುದು ನಮ್ಮ ಗೀಚು ಇಂಗ್ಲಿಷ್. ಪಾಲಿಕೆಯವರು ಕಟ್ಟಡ ಪರವಾನಗಿಯ ಜೊತೆ ಕೊಕ್ಕೆ, ಎಲ್, ಕ್ರ್ಯಾಂಕ್, ಸಜ್ಜಾ ಕಂಬಿಯ ಚಿತ್ರವಿರುವ ಒಂದು ಹಾಳೆ ಕೊಡಲಿ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗುತ್ತದೆ. ಅದರಲ್ಲಿ ಬಾರ್ ಬೆಂಡರುಗಳಿಗೆ ದಿನಗೂಲಿ ಕೊಟ್ಟು ಎರಡು ದಿನದ ತರಬೇತಿ ಏರ್ಪಡಿಸಲು ಸಾಧ್ಯವಿದೆ. ಬಿಐಇಟಿ, ಯುಬಿಡಿಟಿಯಂಥ ಇಂಜಿನಿಯರಿಂಗ್ ಕಾಲೇಜುಗಳು ನಮ್ಮಲ್ಲೇ ಇರುವಾಗ ಕಲಿಸುವವರಿಗೆ ಬರವಿಲ್ಲ.

ನಕ್ಷೆಯಲ್ಲಿ ಎಷ್ಟು ಬರೆಯಬೇಕು ಎಂದು ಕೇಳುವವರಿಗೆ ಒಂದು ಮಾದರಿ ಕೊಡುತ್ತೇನೆ, ಯಾರು ಬೇಕಾದರೂ ಬಳಸಲಿ: “9×12 ಪಿಲ್ಲರ್ ರಿಂಗು. 8 ಮಿ.ಮೀ. 500ಡಿ ಕಂಬಿ. ಕತ್ತರಿಸುವ ಉದ್ದ 800. ಹೊರ ಅಳತೆ 150×220. ಎರಡೂ ಕೊಕ್ಕೆ 135 ಡಿಗ್ರಿ, ಬಾಲ 75ಕ್ಕೆ ಕಡಿಮೆ ಇಲ್ಲ, ಪಿಲ್ಲರಿನ ಒಳಕ್ಕೆ ಮುಖ. ಕೊಕ್ಕೆ ನಾಲ್ಕೂ ಮೂಲೆಗೆ ಸರದಿಯಲ್ಲಿ. ರಿಂಗಿನಿಂದ ರಿಂಗಿಗೆ 150.”

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಿವಿಲ್ ಇಂಜಿನಿಯರ್, ದಾವಣಗೆರೆ